ಅಕ್ಷರಗಳ ಉಗ್ರಾಣ: ಶಾಲೆಯ ಗಣಕಯಂತ್ರದಲ್ಲಿ ಫಾಂಟುಗಳ ವ್ಯವಸ್ಥೆ

(ಶತಮಾನೋತ್ಸವದ ಅಂಗವಾಗಿ ಜರಗಿದ ಕನ್ನಡ ಅಧ್ಯಾಪಕರ ಕಾರ್ಯಾಗಾರದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ನೂರು ವರ್ಷಗಳನ್ನು ಪೂರೈಸಿದ ಕನ್ನಡ ಶಾಲೆಯ ವೇದಿಕೆಯಲ್ಲಿ ಕನ್ನಡದ ಅಳಿವು ಉಳಿವುಗಳ ಕುರಿತು ಮಾತನಾಡುವುದು ರೂಢಿ. ನಾವು ಇಂದು ಆರಿಸಿಕೊಂಡಿರುವ ವಿಷಯ ಅದಕ್ಕಿಂತ ಸಣ್ಣದು. ನಮ್ಮ ಗಣಕಯಂತ್ರ ಕೊಠಡಿಯ ಲಿನಕ್ಸ್ ಯಂತ್ರಗಳಲ್ಲಿ ವರ್ಷಾನುಗಟ್ಟಲೆ ಬಂದು ಸೇರಿರುವ ನೂರಾರು ಫಾಂಟುಗಳನ್ನು, ಎಂದರೆ ಅಕ್ಷರಶೈಲಿಗಳನ್ನು, ಹೇಗೆ ಎಣಿಸಬೇಕು, ಹೇಗೆ ವಿಂಗಡಿಸಬೇಕು, ಯಾವುದನ್ನು ಉಳಿಸಿ ಯಾವುದನ್ನು ಬದಿಗಿಡಬೇಕು ಎಂಬುದೇ ಆ ವಿಷಯ. ಅಳಿವು ಉಳಿವಿನ ದೊಡ್ಡ ಮಾತಿಗೂ ಈ ಸಣ್ಣ ಕೆಲಸಕ್ಕೂ ಇರುವ ಸಂಬಂಧವು ಮುಂದೆ ತಾನಾಗಿಯೇ ಸ್ಪಷ್ಟವಾಗುವುದೆಂದು ನಂಬುತ್ತೇವೆ.

ನಮ್ಮ ಕರಾವಳಿಯ ಜನರಿಗೆ ಅಚ್ಚಿನ ಅಕ್ಷರದ ಪರಿಚಯ ಹಳೆಯದು. ಬಾಸೆಲ್ ಮಿಶನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದರು. ಹರ್ಮನ್ ಮೋಗ್ಲಿಂಗರು 1843ರಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿ ಮುದ್ರಣಗೊಂಡಿತು. ಮುಂದೆ ಸೀಸದ ಮೊಳೆಗಳು ಬಂದವು. 1894ರಲ್ಲಿ ಪ್ರಕಟವಾದ ಕಿಟೆಲರ ನಿಘಂಟಿನ ಪುಟಗಳನ್ನು ಒಂದೊಂದೇ ಮೊಳೆ ಹೆಕ್ಕಿ ಜೋಡಿಸಲಾಯಿತು. ಮೊಳೆ ಜೋಡಿಸುವವರಿಗೆ ಒಂದು ಕಟ್ಟುನಿಟ್ಟಿತ್ತು. ಪ್ರತಿಯೊಂದು ಅಕ್ಷರಕ್ಕೂ ಕಾಗುಣಿತದ ಪ್ರತಿಯೊಂದು ರೂಪಕ್ಕೂ ಒತ್ತಿಗೂ ಮರದ ಪೆಟ್ಟಿಗೆಯಲ್ಲಿ ಬೇರೆ ಬೇರೆ ಖಾನೆಗಳಿದ್ದವು. ಅಚ್ಚಾದ ಮೇಲೆ ಮೊಳೆಗಳನ್ನು ತೊಳೆದು ಆಯಾ ಖಾನೆಗೇ ಮರಳಿಸಬೇಕಿತ್ತು. ಖಾನೆ ತಪ್ಪಿದ ಒಂದು ಮೊಳೆ ಮರುದಿನದ ಪುಟದಲ್ಲಿ ಅಕ್ಷರದೋಷವಾಗಿ ಕಾಣಿಸಿಕೊಳ್ಳುತ್ತಿತ್ತು.

ಇಂದು ಆ ಪೆಟ್ಟಿಗೆಗಳ ಸ್ಥಾನಕ್ಕೆ ಫಾಂಟ್ ಕಡತಗಳು ಬಂದಿವೆ. ಅವಕ್ಕೆ ತೂಕವಿಲ್ಲ, ಜಾಗದ ಹಂಗಿಲ್ಲ. ಆದುದರಿಂದಲೇ ಅವುಗಳನ್ನು ಖಾನೆಯಲ್ಲಿಡಬೇಕೆಂಬ ಎಚ್ಚರ ತಪ್ಪಿಹೋಗುತ್ತದೆ.

ನಮ್ಮ ಶಾಲೆಯಲ್ಲಿ ಫಾಂಟುಗಳು ಇಷ್ಟೊಂದು ಬೆಳೆದುದಕ್ಕೆ ಕಾರಣಗಳಿವೆ. ಕೇರಳದ ಶಾಲೆಗಳಲ್ಲಿ 2001ರಲ್ಲಿ ಆರಂಭವಾದ ಐ.ಟಿ. ಅಟ್ ಸ್ಕೂಲ್ ಯೋಜನೆಯು ಸ್ವತಂತ್ರ ತಂತ್ರಾಂಶದ ದಾರಿಯನ್ನು ಹಿಡಿಯಿತು. 2017ರಲ್ಲಿ ಅದು ಕೈಟ್ ಎಂಬ ಸರಕಾರಿ ಸಂಸ್ಥೆಯಾಯಿತು. ಹೀಗಾಗಿ ನಮ್ಮ ಮಕ್ಕಳು ಮೊದಲು ಮುಟ್ಟುವ ಗಣಕಯಂತ್ರವೇ ಲಿನಕ್ಸ್ ಯಂತ್ರ. ಗಡಿನಾಡಿನ ಒಂದು ಶಾಲೆಯ ಯಂತ್ರದಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್, ಹಿಂದಿ, ಸಂಸ್ಕೃತ, ಅರಬಿ ಎಲ್ಲಕ್ಕೂ ಲಿಪಿ ಬೇಕು. ವ್ಯವಸ್ಥೆಯೊಡನೆ ಬಂದ ಫಾಂಟುಗಳಲ್ಲದೆ, ಕಲೋತ್ಸವದ ಆಮಂತ್ರಣಕ್ಕೆಂದು ಒಬ್ಬರು, ಪ್ರಶ್ನಪತ್ರಿಕೆಗೆಂದು ಇನ್ನೊಬ್ಬರು, ಮುದ್ರಣಾಲಯದವರು ಕೊಟ್ಟರೆಂದು ಮತ್ತೊಬ್ಬರು ಪೆನ್‌ಡ್ರೈವಿನಲ್ಲಿ ತಂದ ಫಾಂಟುಗಳೂ ಸೇರಿದವು. ಬಂದುದು ಹೋಗಲಿಲ್ಲ.

ಇದರ ಫಲವೇನು? ಮೊದಲನೆಯದಾಗಿ, ಲಿಬ್ರೆಆಫೀಸಿನಲ್ಲಿ ಅಕ್ಷರಶೈಲಿಯ ಪಟ್ಟಿಯನ್ನು ತೆರೆದರೆ ಅದು ಮುಗಿಯುವುದಿಲ್ಲ. ಥಾಯ್ ಭಾಷೆಯದು, ಬಂಗಾಳಿಯದು, ಗುಜರಾತಿಯದು ಎಲ್ಲವನ್ನೂ ದಾಟಿ ಮಗು ಕನ್ನಡವನ್ನು ಹುಡುಕಬೇಕು. ಎರಡನೆಯದಾಗಿ, ಹಳೆಯ ಯಂತ್ರಗಳಲ್ಲಿ ಕೆಲವು ತಂತ್ರಾಂಶಗಳು ತೆರೆದುಕೊಳ್ಳಲು ತಡಮಾಡುತ್ತವೆ. ಮೂರನೆಯದಾಗಿ, ಒಂದೇ ಹೆಸರಿನ ಎರಡು ಫಾಂಟುಗಳು, ಒಂದು ಹಳೆಯದು ಒಂದು ಹೊಸದು, ಒಟ್ಟಿಗೆ ಇದ್ದಾಗ ಯಾವುದು ಬಳಕೆಯಾಗುತ್ತಿದೆ ಎಂಬುದು ಗೊತ್ತಾಗುವುದಿಲ್ಲ. ಒಂದು ಯಂತ್ರದಲ್ಲಿ ನಾಲ್ಕು ಪುಟಕ್ಕೆ ಹೊಂದಿಸಿದ ಲೇಖನವು ಪಕ್ಕದ ಯಂತ್ರದಲ್ಲಿ ಐದು ಪುಟವಾಗುವುದು ಇಂಥ ಕಾರಣಗಳಿಂದ.

ಇನ್ನೊಂದು ತೊಡಕು ಇವೆಲ್ಲಕ್ಕಿಂತ ಗಂಭೀರವಾದುದು. ಅದನ್ನು ಅರಿಯಲು ಅಕ್ಷರಕ್ಕೂ ಅದರ ಆಕಾರಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ಗಣಕಯಂತ್ರವು ಅಕ್ಷರವನ್ನು ಒಂದು ಸಂಖ್ಯೆಯಾಗಿ ನೆನಪಿಡುತ್ತದೆ. ಫಾಂಟು ಆ ಸಂಖ್ಯೆಗೆ ಆಕಾರ ಕೊಡುತ್ತದೆ. 1991ರಲ್ಲಿ ಬಂದ ಯುನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ತನ್ನದೇ ಸ್ಥಾನಗಳಿದ್ದವು. ಕನ್ನಡದ ವಿಭಾಗಕ್ಕೆ ಮೀಸಲಾದವು ಒಟ್ಟು 128 ಸ್ಥಾನಗಳು. ಆದರೆ ಅದು ನಮ್ಮ ಮೇಜಿಗೆ ತಲಪಲು ಬಹುಕಾಲ ಹಿಡಿಯಿತು. ಅಷ್ಟರವರೆಗೆ ಕನ್ನಡವನ್ನು ನಡೆಸಿಕೊಂಡು ಬಂದವು ಆಸ್ಕಿ ಮಾದರಿಯ ಫಾಂಟುಗಳು. ಅವು ಇಂಗ್ಲಿಷ್ ಅಕ್ಷರಗಳಿಗೂ ಚಿಹ್ನೆಗಳಿಗೂ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ತುಂಡುಗಳನ್ನು ಕೂರಿಸಿದವು. ಬರಹ, ನುಡಿ ಮುಂತಾದ ತಂತ್ರಾಂಶಗಳಿಂದ ಕನ್ನಡಕ್ಕೆ ಆದ ಉಪಕಾರವನ್ನು ನಾವು ಮರೆಯಲಾರೆವು; ಕಿನ್ನಿಕಂಬಳದವರಾದ ಕೆ.ಪಿ. ರಾಯರ ಕೀಲಿಮಣೆ ವಿನ್ಯಾಸವು ಇಂದಿಗೂ ಲಿನಕ್ಸಿನಲ್ಲಿ ‘ಕಗಪ’ ಎಂಬ ಹೆಸರಿನಿಂದ ನಮ್ಮ ಮಕ್ಕಳ ಬೆರಳ ತುದಿಯಲ್ಲಿದೆ. ಆದರೆ ಆಸ್ಕಿ ಮಾದರಿಯಲ್ಲಿ ಬರೆದಿಟ್ಟ ಕಡತವು ತನ್ನ ಫಾಂಟಿನೊಡನೆ ಮಾತ್ರ ಕನ್ನಡ. ಫಾಂಟು ಇಲ್ಲದೆಡೆ ಅದು ಇಂಗ್ಲಿಷ್ ಅಕ್ಷರಗಳ ಗೋಜಲು.

ಇದು ನಮಗೆ ಮನದಟ್ಟಾದುದು ಈ ಸಂಚಿಕೆಯ ಸಿದ್ಧತೆಯಲ್ಲಿ. ನಮ್ಮ ಶಾಲೆಯ ಎಪ್ಪತ್ತೈದನೆಯ ವರ್ಷದ ಸ್ಮರಣ ಸಂಚಿಕೆಯ ಮುದ್ರಿತ ಪ್ರತಿಗಳಲ್ಲಿ ಉಳಿದವು ಎರಡೇ. ಮಳೆಗಾಲದ ತೇವ ಒಂದನ್ನು ಅಂಟಿಸಿತ್ತು, ಇನ್ನೊಂದರ ನಡುಪುಟಗಳನ್ನು ಗೆದ್ದಲು ತಿಂದಿತ್ತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಈ ಶಾಲೆಯಲ್ಲಿ ಅಧ್ಯಾಪಕರಾಗಿದ್ದ ಹಿರಿಯರೊಬ್ಬರು ಆ ದಿನಗಳನ್ನು ಕುರಿತು ಬರೆದ ಲೇಖನ ಆ ನಡುಪುಟಗಳಲ್ಲಿತ್ತು. ಬರೆದವರು ಇಂದಿಲ್ಲ. ಅಕ್ಷರ ಜೋಡಿಸಿದ ಮುದ್ರಣಾಲಯವೂ ಮುಚ್ಚಿದೆ. ಉಳಿದುದು ಹಳೆ ವಿದ್ಯಾರ್ಥಿಯೊಬ್ಬರು ಕಾಪಿಟ್ಟ ಒಂದು ಸಿ.ಡಿ. ಅದರೊಳಗಿನ ಕಡತವನ್ನು ತೆರೆದಾಗ ಪರದೆಯ ಮೇಲೆ ಕಂಡದ್ದು ಪುಟಗಟ್ಟಲೆ ಅರ್ಥವಿಲ್ಲದ ಚಿಹ್ನೆಗಳು. ಕಡತ ಕೆಟ್ಟಿದೆಯೆಂದು ಹಲವರು ಕೈಬಿಟ್ಟರು. ಅದು ಕೆಟ್ಟಿರಲಿಲ್ಲ. ಲಿಬ್ರೆಆಫೀಸು ಯಂತ್ರದಲ್ಲಿ ಇಲ್ಲದ ಫಾಂಟಿನ ಹೆಸರನ್ನು ಓರೆಯಕ್ಷರದಲ್ಲಿ ತೋರಿಸುತ್ತದೆ. ಹಾಗೆ ತೋರಿಸಿದ ಹೆಸರು ಆಸ್ಕಿ ಮಾದರಿಯ ಒಂದು ಕನ್ನಡ ಫಾಂಟಿನದಾಗಿತ್ತು. ಹೆಸರು ಸಿಕ್ಕಿದ ಮೇಲೆ ಫಾಂಟು ಸಿಕ್ಕಿತು. ಫಾಂಟು ಸಿಕ್ಕಿದ ಮೇಲೆ ಲೇಖನ ಸಿಕ್ಕಿತು. ಅದನ್ನು ಈ ಸಂಚಿಕೆಯಲ್ಲಿ ಮತ್ತೆ ಮುದ್ರಿಸುತ್ತಿದ್ದೇವೆ.

ಈ ಅನುಭವದ ಬಳಿಕ ಫಾಂಟುಗಳ ರಾಶಿಯನ್ನು ಕಸವೆಂದು ಗುಡಿಸಿ ಎಸೆಯುವಂತಿಲ್ಲ, ಹಾಗೆಯೇ ಬಿಡುವಂತೆಯೂ ಇಲ್ಲ ಎಂಬುದು ನಿಶ್ಚಯವಾಯಿತು. ಉಗ್ರಾಣಕ್ಕೆ ಬೇಕಾದುದು ಕ್ರಮ. ನಾವು ಅನುಸರಿಸಿದ ಕ್ರಮವನ್ನು ತಮ್ಮ ಮುಂದಿಡುತ್ತೇವೆ.

ಮೊದಲ ಹೆಜ್ಜೆ ಎಣಿಕೆ. ಲಿನಕ್ಸಿನಲ್ಲಿ ಫಾಂಟುಗಳ ಮೇಲ್ವಿಚಾರಣೆ ನೋಡಿಕೊಳ್ಳುವ ಅಂಗಕ್ಕೆ ಫಾಂಟ್‌ಕಾನ್ಫಿಗ್ ಎಂದು ಹೆಸರು. ಟರ್ಮಿನಲ್ಲಿನಲ್ಲಿ ಎಫ್‌ಸಿ-ಲಿಸ್ಟ್ ಎಂಬ ಆಜ್ಞೆಯನ್ನು ಕೊಟ್ಟರೆ ಯಂತ್ರದಲ್ಲಿರುವ ಪ್ರತಿಯೊಂದು ಫಾಂಟಿನ ವಿಳಾಸ, ಕುಟುಂಬನಾಮ, ಶೈಲಿ ಎಲ್ಲವೂ ಸಾಲುಸಾಲಾಗಿ ಬರುತ್ತವೆ. ಅದೇ ಆಜ್ಞೆಗೆ ಭಾಷೆ ಕನ್ನಡವೆಂಬ ಸಂಕೇತವನ್ನು ಸೇರಿಸಿದರೆ ಕನ್ನಡದ ಯುನಿಕೋಡ್ ಅಕ್ಷರಗಳಿರುವ ಫಾಂಟುಗಳಷ್ಟೇ ಬರುತ್ತವೆ. ಇಲ್ಲೊಂದು ಸೂಕ್ಷ್ಮವಿದೆ. ಆಸ್ಕಿ ಮಾದರಿಯ ಕನ್ನಡ ಫಾಂಟುಗಳು ಈ ಎರಡನೆಯ ಪಟ್ಟಿಯಲ್ಲಿ ಕಾಣಿಸುವುದಿಲ್ಲ. ನಮ್ಮ ಕಣ್ಣಿಗೆ ಅವು ಕನ್ನಡವಾದರೂ ಯಂತ್ರದ ಲೆಕ್ಕದಲ್ಲಿ ಅವು ಇಂಗ್ಲಿಷ್ ಫಾಂಟುಗಳು. ಹೀಗೆ ಈ ಒಂದು ಆಜ್ಞೆಯೇ ನಮ್ಮ ರಾಶಿಯನ್ನು ಎರಡಾಗಿ ಸೀಳಿ ಕೊಡುತ್ತದೆ: ಹೊಸ ಬರವಣಿಗೆಗೆ ಬೇಕಾದವು, ಹಳೆಯ ಕಡತಗಳನ್ನು ಓದಲು ಬೇಕಾದವು.

ಎರಡನೆಯ ಹೆಜ್ಜೆ ನೆಲೆ. ವ್ಯವಸ್ಥೆಯ ಫಾಂಟುಗಳು ‘ಯುಎಸ್‌ಆರ್’ ಕೋಶದ ‘ಶೇರ್’, ಅದರೊಳಗಿನ ‘ಫಾಂಟ್ಸ್’ ಎಂಬಲ್ಲಿ ಇರುತ್ತವೆ. ಅಲ್ಲಿ ಕೈಯಾರೆ ಏನನ್ನೂ ಸೇರಿಸಬಾರದು, ತೆಗೆಯಲೂಬಾರದು. ಅದನ್ನು ತಂತ್ರಾಂಶ ಪೊಟ್ಟಣಗಳ ವ್ಯವಸ್ಥೆಗೇ ಬಿಡಬೇಕು. ಡೆಬಿಯನ್, ಉಬುಂಟು ವಂಶದ ಯಂತ್ರಗಳಲ್ಲಿ ಲೋಹಿತ್, ಗುಬ್ಬಿ, ನವಿಲು, ನೋಟೊ ಮುಂತಾದ ಫಾಂಟುಗಳು ಪೊಟ್ಟಣಗಳಾಗಿಯೇ ದೊರೆಯುತ್ತವೆ. ಥಾಯ್ ಮೊದಲಾದ ಬೇಡದ ಲಿಪಿಗಳನ್ನು ಅದೇ ದಾರಿಯಿಂದ ತೆಗೆಯಬಹುದು. ನಾವು ಹೊರಗಿನಿಂದ ತಂದವುಗಳಿಗೆ ಬಳಕೆದಾರರ ಮನೆಕೋಶದೊಳಗೆ ಅಡಗಿರುವ ‘ಲೋಕಲ್’, ಅದರೊಳಗಿನ ‘ಶೇರ್’, ಅದರೊಳಗಿನ ‘ಫಾಂಟ್ಸ್’ ಎಂಬ ಸ್ಥಳವಿದೆ. ಅಲ್ಲಿ ನಾವು ನಾಲ್ಕು ಉಪಕೋಶಗಳನ್ನು ಮಾಡಿದೆವು: ಪಾಠಕ್ಕೆ, ಶೀರ್ಷಿಕೆಗೆ, ಕೈಬರಹದ ಮಾದರಿಗೆ, ಹಳೆಯ ಕಡತಗಳಿಗೆ. ಫಾಂಟ್‌ಕಾನ್ಫಿಗ್ ಉಪಕೋಶಗಳ ಒಳಗೂ ಇಣುಕಿ ನೋಡುವುದರಿಂದ ವಿಂಗಡಣೆಯಿಂದ ಯಾವ ಬಾಧಕವೂ ಇಲ್ಲ.

ಮೂರನೆಯ ಹೆಜ್ಜೆ ತೆಗೆಯದೆಯೇ ಮರೆಮಾಡುವುದು. ಫಾಂಟ್ ಮ್ಯಾನೇಜರ್ ಎಂಬ ಸ್ವತಂತ್ರ ತಂತ್ರಾಂಶದಲ್ಲಿ ಪ್ರತಿ ಕುಟುಂಬದ ಮುಂದೆ ಒಂದು ಗುರುತಿನ ಚೌಕವಿರುತ್ತದೆ. ಗುರುತು ತೆಗೆದರೆ ಆ ಫಾಂಟು ಪಟ್ಟಿಯಿಂದ ಮರೆಯಾಗುತ್ತದೆ, ಕಡತ ಮಾತ್ರ ಇದ್ದಲ್ಲೇ ಇರುತ್ತದೆ. ಬೇಕಾದಾಗ ಮತ್ತೆ ಗುರುತು ಹಾಕಿದರಾಯಿತು. ಆ ತಂತ್ರಾಂಶವಿಲ್ಲದಿದ್ದರೂ ಚಿಂತಿಲ್ಲ. ಹಳೆಯ ಕಡತಗಳ ಉಪಕೋಶವನ್ನು ಫಾಂಟ್ಸ್ ಕೋಶದಿಂದ ಹೊರಗೆ ಸಾಗಿಸಿ, ಬೇಕಾದ ದಿನ ಒಳಗೆ ತಂದು, ಎಫ್‌ಸಿ-ಕ್ಯಾಷ್ ಎಂಬ ಆಜ್ಞೆಯಿಂದ ಯಂತ್ರದ ನೆನಪನ್ನು ಹೊಸತಾಗಿಸಿದರೆ ಅದೇ ಪರಿಣಾಮ. ತೆರೆದಿಟ್ಟ ತಂತ್ರಾಂಶಗಳನ್ನು ಒಮ್ಮೆ ಮುಚ್ಚಿ ತೆರೆಯಲು ಮರೆಯಬಾರದು.

ನಾಲ್ಕನೆಯದು ನಕಲುಗಳ ನಿವಾರಣೆ. ಕಡತದ ಹೆಸರನ್ನು ಬದಲಿಸಿದರೆ ಫಾಂಟಿನ ಹೆಸರು ಬದಲಾಗುವುದಿಲ್ಲ. ಹೆಸರು ಕಡತದ ಒಳಗೆ ಬರೆಯಲ್ಪಟ್ಟಿರುತ್ತದೆ. ಆದುದರಿಂದ ಹೊರಗಿನ ಹೆಸರನ್ನು ನಂಬದೆ ಎಫ್‌ಸಿ-ಸ್ಕ್ಯಾನ್ ಎಂಬ ಆಜ್ಞೆಯಿಂದ ಒಳಗಿನ ಹೆಸರನ್ನೂ ಆವೃತ್ತಿಯನ್ನೂ ಓದಬೇಕು. ಒಂದು ಹೆಸರನ್ನು ಕೇಳಿದಾಗ ಯಂತ್ರವು ಯಾವ ಕಡತವನ್ನು ಎತ್ತಿಕೊಳ್ಳುತ್ತದೆಂಬುದನ್ನು ಎಫ್‌ಸಿ-ಮ್ಯಾಚ್ ಹೇಳುತ್ತದೆ. ಒಂದೇ ಕುಟುಂಬದ ಹಳೆಯ ಆವೃತ್ತಿಯನ್ನು ಸಕ್ರಿಯ ಕೋಶದಲ್ಲಿ ಉಳಿಸಬಾರದು.

ಹೊಸ ಆವೃತ್ತಿಗೇ ಏಕೆ ಒತ್ತಾಯವೆಂದು ತಾವು ಕೇಳಬಹುದು. ಲಿಪಿಯ ಪಟ್ಟಿಯೂ ಬೆಳೆಯುತ್ತಿರುತ್ತದೆ. ಹಳಗನ್ನಡದ ನಕಾರಪೊಲ್ಲು ಯುನಿಕೋಡಿಗೆ ಸೇರಿದ್ದು 2021ರಲ್ಲಿ. ಅದಕ್ಕಿಂತ ಹಿಂದೆ ಸಿದ್ಧವಾದ ಫಾಂಟಿನಲ್ಲಿ ಅದು ಬರಿಯ ಚೌಕವಾಗಿ ಕಾಣಬಹುದು. 2024ರ ಸೆಪ್ಟೆಂಬರಿನಲ್ಲಿ ತುಳು-ತಿಗಳಾರಿ ಲಿಪಿಯೂ ಯುನಿಕೋಡಿನ ಹದಿನಾರನೆಯ ಆವೃತ್ತಿಯಲ್ಲಿ ಸ್ಥಾನ ಪಡೆಯಿತು. ನಮ್ಮ ಮಕ್ಕಳಲ್ಲಿ ಅನೇಕರ ಮನೆಮಾತು ತುಳು. ತಮ್ಮ ನೆಲದ ಲಿಪಿಯನ್ನು ಯಂತ್ರದಲ್ಲಿ ಕಾಣಬೇಕಾದರೆ ಅದಕ್ಕೆ ತಕ್ಕ ಫಾಂಟನ್ನು ಹುಡುಕಿ ಸ್ಥಾಪಿಸುವ ಕೈಗಳು ಶಾಲೆಯಲ್ಲಿರಬೇಕು.

ಐದನೆಯದು ಪರೀಕ್ಷೆ. ಹೊಸ ಫಾಂಟನ್ನು ಪಾಠದ ಕೋಶಕ್ಕೆ ಸೇರಿಸುವ ಮೊದಲು ನಾವೇ ಸಿದ್ಧಪಡಿಸಿದ ಕೆಲವು ಪದಗಳನ್ನು ಅದರಲ್ಲಿ ಬರೆಯಿಸಿ ನೋಡುತ್ತೇವೆ: ಸ್ತ್ರೀ, ರಾಷ್ಟ್ರ, ಕಾರ್ಯ, ಧರ್ಮ, ಜ್ಞಾನ, ಕ್ಷಮೆ, ದೃಷ್ಟಿ, ಪ್ರಾರ್ಥನೆ, ರ‍್ಯಾಂಕ್. ಒತ್ತಿನ ಕೆಳಗೆ ಒತ್ತು ಸರಿಯಾಗಿ ಕೂರುತ್ತದೆಯೇ, ಅರ್ಕಾವತ್ತು ತನ್ನ ಸ್ಥಾನದಲ್ಲಿದೆಯೇ, ಸಾಲುಗಳು ಒಂದನ್ನೊಂದು ತುಳಿಯುತ್ತವೆಯೇ ಎಂಬುದು ಇದರಿಂದ ತಿಳಿಯುತ್ತದೆ. ‘ಕಾರ್ಯ’ದ ರಕಾರವೂ ‘ರ‍್ಯಾಂಕ್’ ಪದದ ರಕಾರವೂ ಬೇರೆ ಬೇರೆ ರೂಪ ತಳೆಯಬೇಕು. ಹಾಗಾಗದ ಫಾಂಟು ಒಂದನೆಯ ತರಗತಿಯ ಮಗುವಿಗೆ ತಪ್ಪನ್ನು ಕಲಿಸುತ್ತದೆ. ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಆಸ್ಕಿ ಕಡತವನ್ನು ಯುನಿಕೋಡಿಗೆ ಪರಿವರ್ತಿಸುವಾಗ ಅತಿ ಹೆಚ್ಚು ಎಡವುವುದು ಅರ್ಕಾವತ್ತೇ. ಹಳೆಯ ಕಡತದಲ್ಲಿ ಅದು ಕಣ್ಣಿಗೆ ಕಾಣುವಂತೆ ವ್ಯಂಜನದ ನಂತರ ಕುಳಿತಿದೆ. ಯುನಿಕೋಡಿನಲ್ಲಿ ಉಚ್ಚಾರಣೆಯಂತೆ ರಕಾರವು ಮೊದಲು ಬರಬೇಕು. ಪರಿವರ್ತಕವು ಈ ಅದಲುಬದಲನ್ನು ಸರಿಯಾಗಿ ಮಾಡದಿದ್ದರೆ ‘ಧರ್ಮ’ವು ‘ಧಮರ್’ ಆಗುತ್ತದೆ. ಆದುದರಿಂದ ಪರಿವರ್ತನೆಯಾದ ಪ್ರತಿಯನ್ನು ಮೂಲದೊಡನೆ ಇಟ್ಟು ಕಣ್ಣಾರೆ ಓದುವ ಕೆಲಸವನ್ನು ಯಾವ ಯಂತ್ರಕ್ಕೂ ಒಪ್ಪಿಸುವಂತಿಲ್ಲ. ಹಿರಿಯ ಅಧ್ಯಾಪಕರ ಲೇಖನವನ್ನು ನಮ್ಮ ಹತ್ತನೆಯ ತರಗತಿಯ ಮಕ್ಕಳು ಇಬ್ಬಿಬ್ಬರಾಗಿ ಕುಳಿತು, ಒಬ್ಬರು ಓದುತ್ತ ಒಬ್ಬರು ನೋಡುತ್ತ ತಿದ್ದಿದರು. ಶಾಲೆಯ ಚರಿತ್ರೆಯನ್ನು ಅವರು ಅಂದು ಓದಿದಷ್ಟು ಎಚ್ಚರದಿಂದ ಬೇರಾವ ದಿನವೂ ಓದಿರಲಾರರು.

ಆರನೆಯದು ಪರವಾನಗಿಯ ಲೆಕ್ಕ. ಫಾಂಟು ಒಬ್ಬ ಕಲಾವಿದನ ಶ್ರಮದ ಫಲ. ಯಾರಿಂದಲೋ ಸಿಕ್ಕಿತೆಂದು ಬಳಸುವುದು ಶಾಲೆಗೆ ಶೋಭಿಸದು. ಲೋಹಿತ್, ನೋಟೊ, ಬಲೂ ತಮ್ಮ, ಟೈರೊ ಕನ್ನಡ ಮುಂತಾದವು ಮುಕ್ತ ಫಾಂಟ್ ಪರವಾನಗಿಯಲ್ಲಿ ದೊರೆಯುತ್ತವೆ. ಅವುಗಳನ್ನು ಮುದ್ರಣಕ್ಕೆ ಬಳಸಬಹುದು, ಇತರರಿಗೆ ಕೊಡಬಹುದು, ಕಡತದೊಳಗೆ ಅಡಕಗೊಳಿಸಬಹುದು. ನಾವು ಒಂದು ದಫ್ತರವನ್ನು ಇಟ್ಟಿದ್ದೇವೆ. ಫಾಂಟಿನ ಹೆಸರು, ಆವೃತ್ತಿ, ಬಂದ ಮೂಲ, ಪರವಾನಗಿ, ಯಾವ ಕೆಲಸಕ್ಕೆ ಎಂಬ ಐದು ಅಂಕಣಗಳು ಅದರಲ್ಲಿವೆ. ಗ್ರಂಥಾಲಯಕ್ಕೆ ಪುಸ್ತಕ ಬಂದಾಗ ದಾಖಲಿಸುವಂತೆ ಫಾಂಟನ್ನೂ ದಾಖಲಿಸುತ್ತೇವೆ. ಮೂಲ ತಿಳಿಯದವು ಸಕ್ರಿಯ ಕೋಶಕ್ಕೆ ಹೋಗುವುದಿಲ್ಲ.

ಏಳನೆಯದು ಹೊರಗೆ ಹೋಗುವ ಕಡತಗಳ ಕಾಳಜಿ. ಮುದ್ರಣಾಲಯಕ್ಕೆ ಪಿ.ಡಿ.ಎಫ್. ಕಳುಹಿಸುವ ಮೊದಲು ಪಿಡಿಎಫ್‌ಫಾಂಟ್ಸ್ ಎಂಬ ಆಜ್ಞೆಯಿಂದ ಅದರಲ್ಲಿರುವ ಎಲ್ಲ ಫಾಂಟುಗಳೂ ಅಡಕಗೊಂಡಿವೆಯೇ ಎಂದು ನೋಡಬೇಕು. ತಿದ್ದುವ ಕಡತವನ್ನೇ ಕಳುಹಿಸುವುದಾದರೆ ಲಿಬ್ರೆಆಫೀಸಿನ ದಸ್ತಾವೇಜಿನ ಗುಣಲಕ್ಷಣಗಳಲ್ಲಿ ಫಾಂಟುಗಳನ್ನು ಒಳಗೇ ಸೇರಿಸುವ ಅವಕಾಶವಿದೆ. ಇನ್ನು ಇಪ್ಪತ್ತೈದು ವರ್ಷಗಳ ಬಳಿಕ ಈ ಸಂಚಿಕೆಯನ್ನು ತೆರೆಯುವವರು ಫಾಂಟನ್ನು ಹುಡುಕಿಕೊಂಡು ಅಲೆಯಬಾರದು. ಆದುದರಿಂದ ಯುನಿಕೋಡ್ ಪಠ್ಯ, ಪಿ.ಡಿ.ಎಫ್., ಬಳಸಿದ ಫಾಂಟುಗಳು, ಅವುಗಳ ಪರವಾನಗಿ ಪತ್ರ ಈ ನಾಲ್ಕನ್ನೂ ಒಂದೇ ಕೋಶದಲ್ಲಿಟ್ಟು ಮೂರು ಕಡೆ ಪ್ರತಿ ಮಾಡಿ ಇಡುತ್ತಿದ್ದೇವೆ.

ಇಷ್ಟೆಲ್ಲ ಶ್ರಮ ಒಂದು ಸಣ್ಣ ಶಾಲೆಗೆ ಅಗತ್ಯವೇ ಎಂಬ ಪ್ರಶ್ನೆ ಏಳಬಹುದು. ಕರ್ನಾಟಕದ ಒಳಗಿನ ಶಾಲೆಯೊಂದಕ್ಕೆ ಕನ್ನಡದ ಫಾಂಟು ಕೆಟ್ಟರೆ ಸರಿಪಡಿಸಿಕೊಡುವವರು ಪಕ್ಕದ ಬೀದಿಯಲ್ಲೇ ಇರಬಹುದು. ಗಡಿಯ ಈಚೆಗಿರುವ ನಮಗೆ ಆ ಅನುಕೂಲ ಕಡಿಮೆ. ಯಂತ್ರವನ್ನು ದುರಸ್ತಿಗೆ ಕೊಟ್ಟು ತಂದಾಗ ಮಲಯಾಳವೂ ಇಂಗ್ಲಿಷೂ ಸರಿಯಿದ್ದು ಕನ್ನಡವೊಂದೇ ಚೌಕಗಳಾಗಿ ಕಂಡ ದಿನಗಳನ್ನು ನಾವೆಲ್ಲರೂ ಬಲ್ಲೆವು. ದುರಸ್ತಿ ಮಾಡಿದವರಲ್ಲಿ ದುರುದ್ದೇಶವಿರಲಿಲ್ಲ. ಕನ್ನಡ ಇದೆಯೇ ಎಂದು ನೋಡುವ ಅಗತ್ಯ ಅವರಿಗೆ ತೋರಲಿಲ್ಲ, ಅಷ್ಟೇ. ಆದರೆ ಆ ಪರದೆಯ ಮುಂದೆ ಕುಳಿತ ಮಗುವು ತನ್ನ ಹೆಸರಿನ ಜಾಗದಲ್ಲಿ ನಾಲ್ಕು ಖಾಲಿ ಚೌಕಗಳನ್ನು ನೋಡಿ, ಈ ಯಂತ್ರ ತನ್ನ ಭಾಷೆಯದಲ್ಲ ಎಂದು ತೀರ್ಮಾನಿಸುತ್ತದೆ. ಅಂಥ ತೀರ್ಮಾನವನ್ನು ಆಮೇಲೆ ಭಾಷಣಗಳಿಂದ ಅಳಿಸಲಾಗುವುದಿಲ್ಲ. ಅದೇ ದಿನ, ಅದೇ ಗಂಟೆಯಲ್ಲಿ ಫಾಂಟನ್ನು ಸ್ಥಾಪಿಸಿ ಆ ಹೆಸರನ್ನು ಕನ್ನಡದಲ್ಲಿ ತೋರಿಸಿಕೊಡಬೇಕು. ನಮ್ಮ ಲಿಟಲ್ ಕೈಟ್ಸ್ ಘಟಕದ ಮಕ್ಕಳಿಗೆ ನಾವು ಕಲಿಸಿರುವುದು ಇದನ್ನೇ. ಈಗ ದುರಸ್ತಿಯಿಂದ ಬಂದ ಯಂತ್ರವನ್ನು ಮೊದಲು ತೆರೆಯುವವರು ಅವರು. ಮೊದಲು ಕೊಡುವ ಆಜ್ಞೆ ಕನ್ನಡದ ಫಾಂಟುಗಳ ಪಟ್ಟಿಯದು.

ಕೊನೆಯದಾಗಿ ಎರಡು ವಿನಂತಿಗಳು. ಹಳೆ ವಿದ್ಯಾರ್ಥಿಗಳ ಮನೆಗಳಲ್ಲಿ ಶಾಲೆಯ ಹಳೆಯ ವರದಿಗಳು, ನಾಟಕದ ಹಸ್ತಪ್ರತಿಗಳು, ವಾರ್ಷಿಕ ಸಂಚಿಕೆಗಳು ಸಿ.ಡಿ.ಯಲ್ಲೋ ಹಳೆಯ ಯಂತ್ರದಲ್ಲೋ ಇದ್ದರೆ, ಓದಲು ಬರುವುದಿಲ್ಲವೆಂದು ಎಸೆಯದೆ ದಯವಿಟ್ಟು ನಮಗೆ ತಲಪಿಸಬೇಕು. ಓದಿಸುವ ಹೊಣೆ ನಮ್ಮದು. ನೆರೆಯ ಶಾಲೆಗಳ ಅಧ್ಯಾಪಕ ಬಂಧುಗಳು ತಮ್ಮ ಯಂತ್ರಗಳ ಫಾಂಟು ಪಟ್ಟಿಯನ್ನು ಈ ವಾರವೇ ಒಮ್ಮೆ ತೆಗೆದು ನೋಡಬೇಕು. ನಮ್ಮ ದಫ್ತರದ ಪ್ರತಿಯನ್ನೂ ಮುಕ್ತ ಪರವಾನಗಿಯ ಫಾಂಟುಗಳ ಕೋಶವನ್ನೂ ಇಂದು ಹೊರಡುವ ಮುನ್ನ ಗಣಕಯಂತ್ರ ಕೊಠಡಿಯಲ್ಲಿ ಪಡೆದುಕೊಳ್ಳಬಹುದು. ಮಕ್ಕಳು ಅಲ್ಲಿ ಕಾದಿದ್ದಾರೆ.